ಊರಿನ ಕಾಗದಪತ್ರಗಳಿಗೆ ಪಟ್ಟಿ ಬರೆಯುವವರು ಬೇಕಾಗಿದ್ದಾರೆ

ಒಂದು ಊರಿನ ಚರಿತ್ರೆ ಬರೆಯಲು ಹೊರಟವರು ಮೊದಲು ಶಾಸನ ಹುಡುಕುತ್ತಾರೆ, ಆಮೇಲೆ ಗೆಜೆಟಿಯರ್ ತೆರೆಯುತ್ತಾರೆ. ಅವೆರಡರ ನಡುವೆ ಬೀಳುವ ದೊಡ್ಡ ರಾಶಿಯೊಂದು ಮನೆಗಳ ಅಟ್ಟದಲ್ಲೇ ಉಳಿದಿದೆ. ಶಾನುಭೋಗರ ಮನೆಯ ಲೆಕ್ಕದ ಕಟ್ಟು, ಅಡಿಕೆ ಮಂಡಿಯ ಕಿರ್ದಿ, ಶಾಲೆಯ ದಾಖಲಾತಿ ಪುಸ್ತಕ, ಸಹಕಾರ ಸಂಘದ ನಡಾವಳಿ, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ಜಾತ್ರೆಯ ಪಟ್ಟಿ, ಸ್ಟುಡಿಯೋದಲ್ಲಿ ತೆಗೆಸಿದ ಗುಂಪು ಫೋಟೋ, ಎಲ್ಲವೂ ಅದರಲ್ಲಿವೆ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ, ಕುಲಕರ್ಣಿಕೆಗಳು ರದ್ದಾದವು. ಸರ್ಕಾರದ ಲೆಕ್ಕ ಸರ್ಕಾರಕ್ಕೆ ಹೋಯಿತು. ಅದರ ಜೊತೆ ಬೆಳೆದಿದ್ದ ನಕಲುಗಳು, ಚೀಟಿಗಳು, ಖಾಸಗಿ ಪತ್ರಗಳು ಎಷ್ಟೋ ಮನೆಗಳಲ್ಲಿ ಹಾಗೇ ಉಳಿದುಕೊಂಡವು. ಆ ಮನೆಗಳ ಮೂರನೆಯ ತಲೆಮಾರು ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿದೆ. ಹಳೆಯ ಮನೆ ಕೆಡವುವ ದಿನ ಅಟ್ಟದ ಮೇಲಿನದು ಗುಜರಿಗೆ ಹೋಗುತ್ತದೆ, ಇಲ್ಲವೇ ಹಂಡೆಯ ಒಲೆಗೆ.

ಇಂಥ ಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಈಗ ಕಾಲೇಜು, ಮಠ, ಹಳೆಯ ಸಂಘ-ಸಂಸ್ಥೆ, ಆಸಕ್ತರ ಸಣ್ಣ ಗುಂಪುಗಳಲ್ಲಿ ನಡೆಯುತ್ತಿದೆ. ಸ್ಕ್ಯಾನರ್ ಕೊಳ್ಳಲು ಹಣ ಹೇಗೋ ಹೊಂದುತ್ತದೆ. ಕೂತು ಓದಿ, ಇದು ಏನು, ಯಾರದು, ಯಾವ ಕಾಲದ್ದು, ಎಲ್ಲಿಂದ ಬಂತು ಎಂದು ಬರೆಯುವವರು ಮಾತ್ರ ಸಿಗುವುದಿಲ್ಲ. ವಿವರವಿಲ್ಲದ ಸ್ಕ್ಯಾನು ಯಾರ ಹುಡುಕಾಟಕ್ಕೂ ಸಿಕ್ಕುವುದಿಲ್ಲ. ಹತ್ತು ಸಾವಿರ ಚಿತ್ರಗಳಿರುವ ಹಾರ್ಡ್ ಡಿಸ್ಕಿನೊಳಗೆ ಅದು ಎರಡನೆಯ ಸಲ ಕಳೆದುಹೋಗುತ್ತದೆ. ಹಾಗಾಗಿ ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿಗಳಿಗೆ ಇಲ್ಲಿ ಕಾಟಾಚಾರದ ಕೆಲಸವಿಲ್ಲ. ಅವರು ಬರೆದಿಟ್ಟ ನಾಲ್ಕು ಸಾಲನ್ನೇ ಮುಂದಿನ ಐವತ್ತು ವರ್ಷ ಸಂಶೋಧಕರು ನೆಚ್ಚಿಕೊಂಡಿರುತ್ತಾರೆ.

ಸರಿಯಾದ ವಿವರಕ್ಕೆ ಎಷ್ಟು ಬಾಳಿಕೆ ಇದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಬಿ.ಎಲ್. ರೈಸ್ ಮತ್ತು ಅವರ ಜೊತೆಗಿದ್ದ ಪಂಡಿತರು ಊರೂರು ತಿರುಗಿ ಸಿದ್ಧಪಡಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳು 1886ರಿಂದ ಹೊರಬಂದವು. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ತಾಲ್ಲೂಕು, ಕ್ರಮಸಂಖ್ಯೆ, ಊರಿನ ಹೆಸರು ಬರೆದು ಅವರು ನಿಲ್ಲಿಸಲಿಲ್ಲ. ಕಲ್ಲು ದೇವಸ್ಥಾನದ ಹತ್ತಿರವಿದೆಯೋ, ಕೆರೆ ಏರಿಯ ಮೇಲಿದೆಯೋ, ಊರಾಚೆಯ ಹೊಲದಲ್ಲಿದೆಯೋ ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿದರು. ನೂರು ವರ್ಷ ಕಳೆದ ಮೇಲೆ, ಕೆರೆಗಳು ಬಡಾವಣೆಗಳಾದ ಬೆಂಗಳೂರಿನಲ್ಲಿ ಉತ್ಸಾಹಿಗಳು ಆ ಕಲ್ಲುಗಳನ್ನು ಹುಡುಕಿ ತೆಗೆದದ್ದು ಆ ಒಂದೊಂದು ಸಾಲನ್ನು ಹಿಡಿದೇ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಅವುಗಳ ಮೂರು ಆಯಾಮದ ಸ್ಕ್ಯಾನ್ ಮಾಡಿಸುವ ಯೋಜನೆ ನಡೆಸಿದೆ. ಯಂತ್ರ ಹೊಸದು, ದಾರಿ ತೋರಿಸಿದ್ದು ಹಳೆಯ ಪಟ್ಟಿ.

ಎಲ್ಲಿ ಕೇಳಬೇಕು

ಸರ್ಕಾರದ ದಾಖಲೆಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ಬೆಂಗಳೂರಿನ ಮುಖ್ಯ ಕಚೇರಿಯಲ್ಲದೆ ಮೈಸೂರು, ಧಾರವಾಡಗಳಲ್ಲೂ ಅದರ ಕಚೇರಿಗಳಿವೆ. ತಾಳೆಗರಿ, ಕೋರಿಕಾಗದದ ಹಸ್ತಪ್ರತಿಗಳಲ್ಲಿ ಆಸಕ್ತಿ ಇದ್ದರೆ 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿಶಾಸ್ತ್ರ ವಿಭಾಗ, ಧರ್ಮಸ್ಥಳದ ಸಂಗ್ರಹಗಳನ್ನು ವಿಚಾರಿಸಬಹುದು. ಬಾಸೆಲ್ ಮಿಷನ್ ಕಾಲದ ಮುದ್ರಿತ ಪುಸ್ತಕ, ಪತ್ರಗಳು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿವೆ. ಆ ಮಿಷನ್ನಿನ ಹಳೆಯ ಫೋಟೋಗಳನ್ನು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಸಂಗ್ರಹ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಒಂದೊಂದು ಫೋಟೋಕ್ಕೆ ವಿವರ ಹೇಗೆ ಬರೆಯಬೇಕೆಂದು ಕಲಿಯಲು ಅದನ್ನು ನೋಡಿಯೇ ನೋಡಬೇಕು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆವರಣದಲ್ಲಿ 2019ರಲ್ಲಿ ತೆರೆದ ಆರ್ಕೈವ್ಸ್ ವಿಜ್ಞಾನದ ಚರಿತ್ರೆಯದಾದರೂ, ಆಧುನಿಕ ಪದ್ಧತಿಯಲ್ಲಿ ಪಟ್ಟಿ ಮಾಡುವುದು ಹೇಗೆಂದು ನೋಡಲು ಒಳ್ಳೆಯ ಜಾಗ.

ಇವೆಲ್ಲ ದೊಡ್ಡ ಹೆಸರುಗಳು. ನನ್ನ ಕೇಳಿದರೆ ಮೊದಲು ನಿಮ್ಮ ತಾಲ್ಲೂಕಿನೊಳಗೇ ನೋಡಿ ಎನ್ನುತ್ತೇನೆ. ನೂರು ವರ್ಷ ಕಳೆದ ಶಾಲೆ, ಹಳೆಯ ವಾಚನಾಲಯ, ಸಹಕಾರಿ ಬ್ಯಾಂಕು, ಮಠದ ಪುಸ್ತಕ ಭಂಡಾರ ಇಲ್ಲದ ತಾಲ್ಲೂಕು ಕಡಿಮೆ. ಅವರು ಜಾಹೀರಾತು ಕೊಡುವುದಿಲ್ಲ, ನೀವೇ ಹೋಗಿ ಕೇಳಬೇಕು. ನಿಮ್ಮ ಕಾಲೇಜಿನ ಇತಿಹಾಸ ಅಥವಾ ಗ್ರಂಥಾಲಯ ವಿಜ್ಞಾನದ ಮೇಷ್ಟ್ರು ಒಂದು ಪತ್ರ ಕೊಟ್ಟರೆ ಬಾಗಿಲು ಬೇಗ ತೆರೆಯುತ್ತದೆ. ಊರಿನವರಿಗೆ ಇನ್ನೊಂದು ಅನುಕೂಲವೂ ಇದೆ. ಒಂದು ಓಣಿಗೆ ಮೊದಲು ಏನೆಂದು ಕರೆಯುತ್ತಿದ್ದರು, ಯಾವ ಮನೆತನಕ್ಕೆ ಯಾವ ಅಡ್ಡಹೆಸರು, ಕೊಳಗ-ಖಂಡುಗ ಎಂದರೆ ಆ ಸೀಮೆಯಲ್ಲಿ ಎಷ್ಟು ಎಂಬುದು ಹೊರಗಿನ ತಜ್ಞರಿಗೆ ತಿಂಗಳಾದರೂ ಗೊತ್ತಾಗದು. ನಿಮಗೆ ಅಜ್ಜಿಯನ್ನು ಕೇಳಿದರೆ ಸಾಕು.

ಅರ್ಜಿಯ ಜೊತೆ ಅಂಕಪಟ್ಟಿ ಎಲ್ಲರೂ ಕಳಿಸುತ್ತಾರೆ. ನೀವು ಅದರ ಜೊತೆ ನಿಮ್ಮ ಮನೆಯದೇ ಹತ್ತು ವಸ್ತುಗಳ ಪಟ್ಟಿ ಮಾಡಿ ಕಳಿಸಿ. ಅಜ್ಜನ ರೇಷನ್ ಕಾರ್ಡು, ಅಮ್ಮನ ಶಾಲೆಯ ಗುಂಪು ಫೋಟೋ, ಹಳೆಯ ಪಂಚಾಂಗ, ಎಲ್‌ಐಸಿ ರಸೀದಿ, ಏನಾದರೂ ಆದೀತು. ಒಂದೊಂದಕ್ಕೂ ಶೀರ್ಷಿಕೆ, ಕಾಲ, ಅಳತೆ, ಸ್ಥಿತಿ, ಅದರ ಬಗ್ಗೆ ಮನೆಯವರು ಹೇಳಿದ ಒಂದು ಮಾತು ಬರೆದರೆ ಒಂದು ಪುಟವಾಗುತ್ತದೆ. ಆಯ್ಕೆ ಮಾಡುವವರಿಗೆ ನಿಮ್ಮ ಕೈ ಹೇಗಿದೆ ಎಂದು ತಿಳಿಯಲು ಬೇರೆ ಏನೂ ಬೇಕಾಗುವುದಿಲ್ಲ.

ಯಾವ ಲಿಪಿ ಕಲಿಯಬೇಕು ಎಂದು ಹಲವರು ಕೇಳುತ್ತಾರೆ. ಅದು ಸಂಗ್ರಹ ಇರುವ ಸೀಮೆಯನ್ನು ಅವಲಂಬಿಸಿದೆ. 1956ರ ಏಕೀಕರಣಕ್ಕೆ ಮೊದಲು ನಮ್ಮ ಜಿಲ್ಲೆಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಮುಂಬಯಿ ಕರ್ನಾಟಕದ ಹಳೆಯ ಲೆಕ್ಕಪತ್ರಗಳಲ್ಲಿ ಮೋಡಿ ಲಿಪಿ ಧಾರಾಳವಾಗಿ ಸಿಗುತ್ತದೆ. ಕಲಬುರಗಿ, ಬೀದರ್, ರಾಯಚೂರಿನ ಕಡೆ ಉರ್ದು ಬೇಕು. ಕರಾವಳಿಯ ತಾಳೆಗರಿಗಳಲ್ಲಿ ತಿಗಳಾರಿ ಬರುತ್ತದೆ. ಮೈಸೂರು ಸೀಮೆಯಲ್ಲಿ ಹಳೆಯ ಕನ್ನಡ ಕೈಬರಹ ಓದುವ ರೂಢಿಯಾದರೆ ಬಹಳ ಮಟ್ಟಿಗೆ ಸಾಗುತ್ತದೆ. ಲಿಪಿ ಬಾರದಿದ್ದರೆ ಆ ವಸ್ತುವನ್ನು ಬಿಟ್ಟುಬಿಡಬೇಡಿ. ‘ಮೋಡಿ ಲಿಪಿ, ಓದಿಲ್ಲ’ ಎಂದು ಬರೆದರೂ ಮುಂದೆ ಮೋಡಿ ಬಲ್ಲವರಿಗೆ ಅದು ದೊರಕುತ್ತದೆ.

ಒಪ್ಪುವ ಮುನ್ನ ಕೆಲವು ಮಾತು ಬಾಯಿಬಿಟ್ಟು ಕೇಳಿಕೊಳ್ಳಿ. ಗೌರವಧನ ಇದೆಯೇ, ಇಲ್ಲದಿದ್ದರೆ ಬಸ್ಸಿನ ಖರ್ಚಾದರೂ ಕೊಡುತ್ತಾರೆಯೇ? ನನ್ನ ಕೆಲಸ ತಿದ್ದಿ ಹೇಳುವವರು ಯಾರು, ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಪಟ್ಟಿ ಪ್ರಕಟವಾದಾಗ ಅದರಲ್ಲಿ ನನ್ನ ಹೆಸರಿರುತ್ತದೆಯೇ? ಅವಧಿಯುದ್ದಕ್ಕೂ ಸ್ಕ್ಯಾನರಿನ ಗುಂಡಿ ಒತ್ತುವುದಷ್ಟೇ ಕೆಲಸ ಎನ್ನುವ ಕಡೆ ಹೋಗಬೇಡಿ. ಅದರಿಂದ ನೀವು ಕಲಿಯುವುದು ಎರಡು ದಿನದ್ದು. ದಿನಕ್ಕೆ ಇಷ್ಟು ವಸ್ತು ಮುಗಿಯಲೇಬೇಕೆಂದು ಪಟ್ಟು ಹಿಡಿಯುವ ಕಡೆಯೂ ಜೋಪಾನ. ಒಂದು ಮುದ್ರಿತ ಪುಸ್ತಕಕ್ಕೆ ವಿವರ ಬರೆಯಲು ಐದು ನಿಮಿಷ ಸಾಕು. ಜಿಗುಟು ಕೈಬರಹದ ಒಂದೇ ಪತ್ರ ಅರ್ಧ ದಿನ ತಿನ್ನಬಹುದು.

ಪೆಟ್ಟಿಗೆ ತೆರೆದಾಗ

ಕಟ್ಟು ಬಿಚ್ಚುವ ಮೊದಲೇ ಒಂದು ಫೋಟೋ ತೆಗೆಯಿರಿ. ಟ್ರಂಕಿನ ಮುಚ್ಚಳ ತೆರೆದಾಗ ಮೇಲೆ ಏನಿತ್ತು, ಕೆಳಗೆ ಏನಿತ್ತು, ಯಾವುದು ಯಾವುದರ ಜೊತೆ ದಾರ ಸುತ್ತಿಕೊಂಡಿತ್ತು, ಎಲ್ಲವೂ ಮಾಹಿತಿಯೇ. ಕೆಂಪು ಬಟ್ಟೆಯ ಒಂದು ಗಂಟಿನಲ್ಲಿ ಜಾತಕ, ಸಾಲಪತ್ರ, ಅಕ್ಕಸಾಲಿಯ ಚೀಟಿ ಒಟ್ಟಿಗಿವೆ ಎಂದುಕೊಳ್ಳಿ. ಜಾತಕವನ್ನು ಜಾತಕಗಳ ಜೊತೆ, ಸಾಲಪತ್ರವನ್ನು ಸಾಲಪತ್ರಗಳ ಜೊತೆ ಜೋಡಿಸಿದರೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಮಗಳ ಮದುವೆಗೆ ಸಾಲ ಮಾಡಿ ಒಡವೆ ಮಾಡಿಸಿದರು ಎಂಬ ಕಥೆ ಅಲ್ಲಿಗೆ ಅಳಿಸಿಹೋಗುತ್ತದೆ. ದಾಖಲೆ ಯಾರಿಂದ ಬಂತೋ ಅವರ ಸಂಗ್ರಹವನ್ನು ಬೇರೆಯವರದರ ಜೊತೆ ಬೆರೆಸಬಾರದು, ಅವರು ಇಟ್ಟುಕೊಂಡಿದ್ದ ಕ್ರಮವನ್ನು ಕದಡಬಾರದು. ಪತ್ರಾಗಾರ ವಿದ್ಯೆ ಈ ಎರಡು ನಿಯಮಗಳ ಮೇಲೆ ನಿಂತಿದೆ. ವಿಷಯವಾರು ಹುಡುಕಲು ಕಂಪ್ಯೂಟರ್ ಇದೆ, ಕಾಗದವನ್ನು ಸರಿಸುವ ಅಗತ್ಯವಿಲ್ಲ.

ಕೈ ತೊಳೆದು ಒರೆಸಿಕೊಂಡು ಬರಿಗೈಯಲ್ಲೇ ಕಾಗದ ಮುಟ್ಟಬಹುದು. ಹತ್ತಿಯ ಗವಸು ಹಾಕಿದರೆ ಬೆರಳಿಗೆ ಸ್ಪರ್ಶ ತಿಳಿಯದೆ ಅಂಚು ಹರಿಯುವುದೇ ಹೆಚ್ಚು. ಗವಸು ಬೇಕಾಗುವುದು ಫೋಟೋ ಮತ್ತು ನೆಗೆಟಿವ್‌ಗಳಿಗೆ. ಎಂಜಲು ಬೆರಳಿನಿಂದ ಹಾಳೆ ಮಗುಚುವ ಅಭ್ಯಾಸ ಬಿಡಬೇಕು. ಮೇಜಿನ ಮೇಲೆ ಪೆನ್ನು ಇರಕೂಡದು, ಮೆತ್ತನೆಯ ಪೆನ್ಸಿಲ್ ಮಾತ್ರ. ಹರಿದದ್ದಕ್ಕೆ ಸೆಲ್ಲೊಟೇಪ್ ಹಚ್ಚುವುದು, ‘ಭದ್ರವಾಗಿರಲಿ’ ಎಂದು ಲ್ಯಾಮಿನೇಶನ್ ಮಾಡಿಸುವುದು ಎರಡೂ ದಾಖಲೆಯನ್ನು ಕೊಲ್ಲುವ ಕೆಲಸಗಳು. ಮನೆಯವರು ಪ್ರೀತಿಯಿಂದಲೇ ಮಾಡಿರುತ್ತಾರೆ, ಬೇಸರಿಸದೆ ತಿಳಿಸಿ ಹೇಳಿ. ಮಳೆಗಾಲದಲ್ಲಿ ಬೂಸಲು ಹಿಡಿದ ಕಟ್ಟು ಕಂಡರೆ ಮೂಗಿಗೆ ಮಾಸ್ಕ್ ಹಾಕಿ, ಅದನ್ನು ಬೇರೆ ಪೆಟ್ಟಿಗೆಗೆ ಎತ್ತಿಟ್ಟು, ಹಿರಿಯರಿಗೆ ತಿಳಿಸಿ.

ಕಡತದ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಕಚೇರಿಯ ಫೈಲಿಗೂ ಇಂದು ಕಡತವೆನ್ನುತ್ತೇವೆ. ನಾನು ಹೇಳುತ್ತಿರುವುದು ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವ ಕಪ್ಪು ಬಟ್ಟೆಯ ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಹಚ್ಚಿ ಒಣಗಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯಲು ಬರುವಂತೆಯೇ ಅದನ್ನು ಮಾಡಿದ್ದು. ಅಂದರೆ, ಧೂಳು ಹಿಡಿದಿದೆ ಎಂದು ನೀವು ಒಮ್ಮೆ ಬಟ್ಟೆಯಾಡಿಸಿದರೆ ಇನ್ನೂರು ವರ್ಷದ ಲೆಕ್ಕ ನಿಮ್ಮ ಕೈಯ ಬಟ್ಟೆಗೆ ಬರುತ್ತದೆ. ಕಡತ ಸಿಕ್ಕರೆ ಮುಟ್ಟುವ ಮುನ್ನ ಗೊತ್ತಿದ್ದವರನ್ನು ಕರೆಯಿರಿ. ಮಡಿಕೆಯ ಜಾಗದಲ್ಲಿ ಅದು ಮೊದಲು ಬಿರಿಯುತ್ತದೆ, ಬಲವಂತವಾಗಿ ಬಿಡಿಸಬೇಡಿ.

ನಾಲ್ಕು ಸಾಲಿನ ವಿವರ

ಪಟ್ಟಿ ಮಾಡಲು ಜಗತ್ತು ಒಪ್ಪಿದ ಮಾದರಿಗಳಿವೆ. ಡಬ್ಲಿನ್ ಕೋರ್ ಎಂಬುದರಲ್ಲಿ 15 ಅಂಶಗಳಿವೆ. ಡಿಜಿಟಲ್ ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಪತ್ರಾಗಾರಗಳ ಅಂತರರಾಷ್ಟ್ರೀಯ ಮಾದರಿ ಐಸಾಡ್‌ನಲ್ಲಿ 26 ಅಂಶಗಳು. ಅವುಗಳಲ್ಲಿ ಆರು ಮಾತ್ರ ಬಿಡಲಾಗದವು: ಸಂಕೇತ, ಶೀರ್ಷಿಕೆ, ಸೃಷ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಹಂತ. ಕೊನೆಯದಕ್ಕೆ ಅರ್ಥ ಇಷ್ಟೇ: ನೀವು ವಿವರಿಸುತ್ತಿರುವುದು ಇಡೀ ಸಂಗ್ರಹವನ್ನೋ, ಅದರೊಳಗಿನ ಒಂದು ಸರಣಿಯನ್ನೋ, ಒಂದು ಕಟ್ಟನ್ನೋ, ಬಿಡಿ ಹಾಳೆಯನ್ನೋ ಎಂದು ಹೇಳುವುದು. ಹೊಸಬರು ಮೊದಲ ದಿನವೇ ಬಿಡಿ ಹಾಳೆಗೆ ಕೈಹಾಕಿ ಮೂರನೆಯ ವಾರಕ್ಕೆ ದಣಿಯುತ್ತಾರೆ. ಮೊದಲು ಇಡೀ ಸಂಗ್ರಹಕ್ಕೆ ಒಂದು ಪುಟ ಬರೆಯಿರಿ, ಆಮೇಲೆ ಕಟ್ಟುಗಳಿಗೆ ಒಂದೊಂದು ಪರಿಚ್ಛೇದ. ಸಮಯ ಉಳಿದರೆ ಮುಖ್ಯವಾದ ಬಿಡಿಗಳಿಗೆ ಬನ್ನಿ. ಅವಧಿ ಮುಗಿದು ನೀವು ಹೊರಟರೂ ಸಂಗ್ರಹದ ಮೇಲ್ನೋಟವಾದರೂ ಪೂರ್ತಿಯಾಗಿರುತ್ತದೆ.

ಒಂದು ಮಾದರಿ ತೋರಿಸುತ್ತೇನೆ. ವಸ್ತು ಕಲ್ಪಿತ, ರೀತಿ ನಿಜದ್ದು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯೊಬ್ಬರ ಮನೆಯಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ಬಂದಿದೆ. ಅವಸರದಲ್ಲಿ ಬರೆದರೆ ‘ಹಳೆಯ ಲೆಕ್ಕದ ಪುಸ್ತಕ’ ಎಂದಾಗುತ್ತದೆ. ಆ ಹೆಸರಿನ ನೂರು ವಸ್ತುಗಳು ಭಂಡಾರದಲ್ಲಿದ್ದರೆ ಯಾವುದನ್ನು ತೆರೆಯುವುದು? ಹೀಗೆ ಬರೆದು ನೋಡಿ:

ಶೀರ್ಷಿಕೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ರೋಜ್‌ಕಿರ್ದಿ.
ಕಾಲ: ಶಕ 1856 ಎಂದು ಮೊದಲ ಪುಟದಲ್ಲಿದೆ [1934-35].
ಪ್ರಮಾಣ: ಪುಸ್ತಕ 1, 212 ಪುಟ, ಕೊನೆಯ 14 ಖಾಲಿ.
ಭಾಷೆ, ಲಿಪಿ: ಕನ್ನಡ, ಅಂಕಿಗಳ ಬದಿಯ ಟಿಪ್ಪಣಿ ಮೋಡಿಯಲ್ಲಿ, ಓದಿಲ್ಲ.
ಒಳಗೇನಿದೆ: ದಿನವಹಿ ಖರೀದಿ ಮತ್ತು ಮಾರಾಟ, ಚೀಲದ ತೂಕ, ಹಮಾಲಿ, ರೈಲ್ವೆ ಬಾಡಿಗೆ. ರೈತರ ಹೆಸರುಗಳು ಊರಿನ ಸಮೇತ ಇವೆ. ದಸರೆಯ ಪೂಜೆಯ ಖರ್ಚು ಪ್ರತ್ಯೇಕ ಪುಟದಲ್ಲಿದೆ.
ಸ್ಥಿತಿ: ಹೊಲಿಗೆ ಸಡಿಲ, 30ರಿಂದ 41ರವರೆಗಿನ ಪುಟಗಳಿಗೆ ನೀರು ತಾಗಿದೆ.
ಬಂದ ಬಗೆ: ಮೊಮ್ಮಗನಿಂದ. ಅಂಗಡಿ ಮುಚ್ಚಿದ ಮೇಲೆ ದೇವರ ಕೋಣೆಯಲ್ಲಿತ್ತು ಎಂದರು.
ಸ್ಥಳ: ಬ್ಯಾಡಗಿ [ಆಗ ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ].

ಬರೆಯಲು ಹೆಚ್ಚೆಂದರೆ ಅರ್ಧ ಗಂಟೆ. ಇದನ್ನು ನೋಡಿ ಹಮಾಲರ ಕೂಲಿಯ ಬಗ್ಗೆ ಅಧ್ಯಯನ ಮಾಡುವವರು ಬರುತ್ತಾರೆ, ರೈಲು ಸಾಗಣೆಯ ಮೇಲೆ ಬರೆಯುವವರು ಬರುತ್ತಾರೆ, ತಮ್ಮ ಮುತ್ತಜ್ಜನ ಹೆಸರು ಹುಡುಕುವವರೂ ಬರುತ್ತಾರೆ. ಚೌಕ ಕಂಸದೊಳಗಿನದು ನೀವು ಸೇರಿಸಿದ್ದು, ಹೊರಗಿನದು ಮೂಲದಲ್ಲಿ ಇದ್ದದ್ದು. ಈ ಗೆರೆಯನ್ನು ಎಂದೂ ದಾಟಬೇಡಿ. ‘ಅಪರೂಪದ’, ‘ಅಮೂಲ್ಯ’, ‘ಐತಿಹಾಸಿಕ’ ಎಂಬ ವಿಶೇಷಣಗಳಿಂದ ಯಾರಿಗೂ ಪ್ರಯೋಜನವಿಲ್ಲ. ಹೊಲಿಗೆ ಸಡಿಲ ಎಂಬ ಎರಡು ಪದದಿಂದ ಇದೆ.

‘ಬಂದ ಬಗೆ’ ಎಂಬ ಸಾಲಿನ ಬಗ್ಗೆ ನನಗೆ ಬಹಳ ಕಾಳಜಿ. ಕಾಗದದ ಮೇಲಿರುವುದನ್ನು ನಾಳೆ ಬೇರೆ ಯಾರಾದರೂ ಓದಿಯಾರು. ಮನೆಯ ಹಿರಿಯರು ಹೇಳುವುದನ್ನು ಇಂದೇ ಬರೆದುಕೊಳ್ಳಬೇಕು. ಹಳೆಯ ಗುಂಪು ಫೋಟೋ ಎದುರಿಗಿಟ್ಟು ಕೇಳಿ ನೋಡಿ. “ಅಜ್ಜಾರ, ಹಿಂದ ನಿಂತಾವ್ರು ಯಾರ‍್ರೀ?” ಎಂದರೆ, “ಅಂವಾ ನಮ್ಮ ಕಾಕಾ. ಬಾಜೂಕ ಇರಾಂವ ಸಾಲಿ ಮಾಸ್ತರ. ಈ ಹುಡುಗಿ… ತಡಿ, ನಮ್ಮವ್ವನ್ನ ಕೇಳೂಣು” ಎನ್ನುತ್ತಾರೆ. ಎಡದಿಂದ ಬಲಕ್ಕೆ, ಕೂತವರು, ನಿಂತವರು ಎಂದು ಸಾಲು ಹಿಡಿದು ಬರೆಯಿರಿ. ಹೆಣ್ಣುಮಕ್ಕಳ ಹೆಸರನ್ನು ಒತ್ತಾಯದಿಂದ ಕೇಳಲೇಬೇಕು, ಇಲ್ಲದಿದ್ದರೆ ‘ಇಂಥವರ ಹೆಂಡತಿ’ ಎಂದೇ ಉಳಿದುಬಿಡುತ್ತಾರೆ. ಮೂಲೆಯಲ್ಲಿ ನಿಂತ ಆಳುಮಗನ ಹೆಸರನ್ನೂ ಕೇಳಿ. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದೂ ದಾಖಲೆಯ ಭಾಗ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡುವ ಅವಸರ ಬೇಡ.

ಕಾಲ ಗೊತ್ತುಮಾಡುವುದು

ಇಸವಿ ಬರೆದ ಕಾಗದ ಕಡಿಮೆ. ಶಕವರ್ಷ ಇದ್ದರೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗಿನ ದಿನವಾದರೆ 79. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಫಸಲಿ ಬರುತ್ತದೆ, ಅದಕ್ಕೆ ಸುಮಾರು 590 ಕೂಡಿಸಬೇಕು: ಫಸಲಿ 1350 ಎಂದರೆ 1940-41. ಬರೀ ಸಂವತ್ಸರದ ಹೆಸರಿದ್ದರೆ ತೊಡಕು. ಸರ್ವಜಿತ್ ಸಂವತ್ಸರ 1887-88ರಲ್ಲೂ ಬಂತು, 1947-48ರಲ್ಲೂ ಬಂತು. ಅರವತ್ತು ವರ್ಷದ ಆ ಅಂತರವನ್ನು ಬೇರೆ ಗುರುತುಗಳಿಂದ ಬಿಡಿಸಬೇಕು. ಕಾಗದ ಯಂತ್ರದ್ದೋ ಕೈಯದೋ, ಮಸಿ ಯಾವುದು, ಅದರಲ್ಲಿ ಬರುವ ವ್ಯಕ್ತಿಗಳು ಬೇರೆ ಯಾವ ದಾಖಲೆಯಲ್ಲಿದ್ದಾರೆ ಎಂದು ನೋಡಬೇಕು.

ಇಪ್ಪತ್ತನೆಯ ಶತಮಾನದ ಕಾಗದಗಳಿಗೆ ಕೆಲವು ಗಟ್ಟಿ ಗೂಟಗಳಿವೆ. ಲೆಕ್ಕ ನಯೆಪೈಸೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದಲ್ಲ. ಕಿಲೋ ಲೆಕ್ಕ ಬಂದರೆ 1958ರ ಈಚಿನದು ಎನ್ನಬಹುದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಕರ್ನಾಟಕ ರಾಜ್ಯ’ ಎಂದು ಸರ್ಕಾರಿ ಮುದ್ರೆಯಿದ್ದರೆ 1973ರ ನವೆಂಬರ್ 1ರ ಈಚಿನದು. ಇವೆಲ್ಲ ಒಂದೇ ದಿಕ್ಕಿಗೆ ಕೆಲಸ ಮಾಡುವ ಗುರುತುಗಳು ಎಂಬುದನ್ನು ಮರೆಯಬೇಡಿ. ಆಣೆಯ ಲೆಕ್ಕ ಕಂಡ ಮಾತ್ರಕ್ಕೆ 1957ಕ್ಕೆ ಮೊದಲಿನದು ಎನ್ನಲಾಗದು. ಊರಿನ ಅಂಗಡಿಕಾರರು ಆಮೇಲೂ ಆಣೆಯಲ್ಲೇ ಎಣಿಸುತ್ತಿದ್ದರು, ಹಳೆಯ ಲೆಟರ್‌ಹೆಡ್ ಮುಗಿಯುವವರೆಗೂ ಅದರ ಮೇಲೇ ಬರೆಯುತ್ತಿದ್ದರು. ಮೂಲದಲ್ಲಿದ್ದ ಕಾಲ, ನೀವು ಲೆಕ್ಕ ಹಾಕಿದ ಇಸವಿ, ಯಾವ ಆಧಾರದ ಮೇಲೆ ಎಂಬ ಮೂರನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಖಚಿತವಿಲ್ಲದಿದ್ದರೆ ‘ಸು. 1930-40’ ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

ಕಂಪ್ಯೂಟರಿಗೆ ಏರಿಸುವಾಗ

ಕನ್ನಡದಲ್ಲಿ ವಿವರ ಬರೆದ ಪಟ್ಟಿಗಳು ಹುಡುಕಾಟದಲ್ಲಿ ಸೋಲುವುದಕ್ಕೆ ಕಾರಣ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಕನ್ನಡವಲ್ಲ. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಯೂನಿಕೋಡಿನಲ್ಲೂ ಒಂದು ಕಿರಿಕಿರಿ ಇದೆ. ‘ರಾಜ್‌ಕುಮಾರ್’ ಎಂದು ಅರ್ಧಾಕ್ಷರ ಬಿಡಿಸಿ ಬರೆಯುವಾಗ ಕಣ್ಣಿಗೆ ಕಾಣದ ಒಂದು ಚಿಹ್ನೆ ನಡುವೆ ಸೇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ‘ರಾಜ್ಕುಮಾರ್’ ಎಂದು ಬರೆದರೆ ಯಂತ್ರಕ್ಕೆ ಅವು ಎರಡು ಬೇರೆ ಹೆಸರು. ಶಿರಸಿ ಮತ್ತು ಸಿರ್ಸಿ, ಬಿಜಾಪುರ ಮತ್ತು ವಿಜಯಪುರದ ಪಾಡೂ ಅದೇ. ಆದ್ದರಿಂದ ಮೊದಲ ವಾರವೇ ಊರು, ಮನೆತನ, ವೃತ್ತಿಗಳ ಒಂದು ಒಪ್ಪಿತ ಹೆಸರುಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಶೋಧಕ್ಕೆ ಒಂದು ರೂಪ ಗೊತ್ತುಮಾಡಿ, ಮೂಲದ ರೂಪವನ್ನು ಪಕ್ಕದ ಕಾಲಂನಲ್ಲಿ ಹಾಗೇ ಉಳಿಸಿ. ಊರಿನ ಮಾತನ್ನು ಶಿಷ್ಟ ಭಾಷೆಗೆ ತಿದ್ದಬೇಡಿ. ಚಕ್ಕಡಿ ಚಕ್ಕಡಿಯಾಗಿಯೇ ಇರಲಿ, ಬೇಕಾದರೆ ‘ಎತ್ತಿನ ಗಾಡಿ’ ಎಂಬ ಹುಡುಕುಪದ ಸೇರಿಸಿ.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎರಡೇ ದಿನದಲ್ಲಿ ಕೈಗೆ ಬರುತ್ತದೆ. ಬರಹಕ್ಕೆ ಕನಿಷ್ಠ 300 ಡಿಪಿಐ, ಸಾಧ್ಯವಾದರೆ 400; ಫೋಟೋಕ್ಕೆ 600. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ, ಓದುಗರಿಗೆ ಜೆಪೆಗ್ ಅಥವಾ ಪಿಡಿಎಫ್ ಕೊಡಿ. ಖಾಲಿ ಪುಟ, ರಟ್ಟು, ಫೋಟೋದ ಬೆನ್ನು ಯಾವುದನ್ನೂ ಬಿಡಬೇಡಿ. ಸ್ಟುಡಿಯೋದ ಮೊಹರು ಇರುವುದು ಬೆನ್ನಿನಲ್ಲೇ. ಹೊಲಿದ ಪುಸ್ತಕವನ್ನು ಗಾಜಿನ ಮೇಲೆ ಒತ್ತಿ ಹಿಡಿಯದೆ ಮೇಲಿನಿಂದ ತೆಗೆಯುವ ಕ್ಯಾಮೆರಾ ಬಳಸಿ. ಕಂಪ್ಯೂಟರ್ ಫೈಲಿನ ಹೆಸರಿನಲ್ಲಿ 1, 2 ಎನ್ನದೆ 001, 002 ಎಂದೇ ಬರೆಯಿರಿ, ಇಲ್ಲವಾದರೆ 1ರ ಹಿಂದೆಯೇ 10 ಬಂದು ಕೂರುತ್ತದೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಮುದ್ರಿತ ಕನ್ನಡವನ್ನು ಯಂತ್ರವೇ ಓದಿಕೊಡುವ ತಂತ್ರಾಂಶ ಈಗ ಚೆನ್ನಾಗಿದೆ. ಹಳೆಯ ಕೈಬರಹಕ್ಕೆ ಮಾತ್ರ ಮನುಷ್ಯರ ಕಣ್ಣೇ ಬೇಕು.

ಏನನ್ನು ತೆರೆದಿಡುವುದು, ಏನನ್ನು ಮುಚ್ಚಿಡುವುದು

ಮನೆಯವರು ಟ್ರಂಕು ಕೊಟ್ಟರು ಎಂದ ಮಾತ್ರಕ್ಕೆ ಒಳಗಿನ ಪತ್ರಗಳನ್ನೆಲ್ಲ ಅಂತರ್ಜಾಲಕ್ಕೆ ಹಾಕುವ ಹಕ್ಕು ಬರುವುದಿಲ್ಲ. ಪತ್ರದ ಕಾಗದ ಪಡೆದವರದು, ಅದರ ಮಾತಿನ ಹಕ್ಕುಸ್ವಾಮ್ಯ ಬರೆದವರದು. ನಮ್ಮ 1957ರ ಕಾಯ್ದೆಯ ಪ್ರಕಾರ ಪ್ರಕಟಿತ ಕೃತಿಗೆ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುತ್ತದೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾಗುವ ಬರಹಕ್ಕೆ ಆ 60 ವರ್ಷ ಪ್ರಕಟಣೆಯಿಂದ ಶುರುವಾಗುತ್ತದೆ. ಆದ್ದರಿಂದ ಹಳೆಯದೆಂದು ಧೈರ್ಯ ಮಾಡದೆ ಸಂಸ್ಥೆಯವರನ್ನು ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ. ಮೂಲಪ್ರತಿ ಯಾರ ಬಳಿ ಉಳಿಯುತ್ತದೆ, ಎಲ್ಲರಿಗೂ ತೋರಿಸಬಹುದೇ, ಇಳಿಸಿಕೊಳ್ಳಲು ಬಿಡಬಹುದೇ ಎಂಬ ಮೂರು ಪ್ರಶ್ನೆಗೆ ಮನೆಯವರ ಉತ್ತರ ಅದರಲ್ಲಿ ಸ್ಪಷ್ಟವಾಗಬೇಕು.

ಕಾಯ್ದೆಗಿಂತ ಸೂಕ್ಷ್ಮವಾದದ್ದು ಊರಿನೊಳಗಿನ ಬದುಕು. ಗೇಣಿಯ ಕಾಗದ ತೋರಿಸಲು ಎಷ್ಟೋ ಮನೆಯವರು ಇಂದಿಗೂ ಹಿಂಜರಿಯುತ್ತಾರೆ. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಜಮೀನು ಕಳೆದುಕೊಂಡವರ ಮನೆಯೂ ಪಡೆದವರ ಮನೆಯೂ ಒಂದೇ ಬೀದಿಯಲ್ಲಿರುತ್ತವೆ. ಸಾಲಪತ್ರದಲ್ಲಿ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಬದುಕಿದ್ದಾರೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿಯ ಕಾಲಂ ಇರುತ್ತದೆ, ಇಂದು ಬೈಗುಳವಾಗಿರುವ ಪದಗಳಿರುತ್ತವೆ. ನನ್ನ ನಿಲುವು ಇದು: ಮೂಲದ ಪದವನ್ನು ಅಳಿಸಬಾರದು, ಹಾಗೆ ಕರೆದರು ಎಂಬುದೂ ಚರಿತ್ರೆಯೇ. ಆದರೆ ನಿಮ್ಮ ಶೀರ್ಷಿಕೆಯಲ್ಲಿ, ನಿಮ್ಮ ವಿವರಣೆಯಲ್ಲಿ ಅದು ಬರಕೂಡದು. ಎಲ್ಲರಿಗೂ ತೆರೆದದ್ದು, ಕೇಳಿ ನೋಡಬೇಕಾದದ್ದು, ಇಂಥ ಇಸವಿಯವರೆಗೆ ಮುಚ್ಚಿದ್ದು ಎಂದು ಮೂರು ದರ್ಜೆ ಮಾಡಿಕೊಂಡರೆ ಇಂಥ ಇಕ್ಕಟ್ಟು ಬಹುಮಟ್ಟಿಗೆ ಬಗೆಹರಿಯುತ್ತದೆ. ಯಾವುದು ಯಾವ ದರ್ಜೆಗೆ ಎಂದು ನೀವೊಬ್ಬರೇ ತೀರ್ಮಾನಿಸಬೇಡಿ. ಅನುಮಾನ ಬಂದ ವಸ್ತುವಿನ ಸಂಖ್ಯೆ ಬರೆದಿಟ್ಟು ಮೇಲ್ವಿಚಾರಕರ ಮುಂದೆ ಇಡಿ.

ಕೊನೆಯ ವಾರ ಹೊಸ ಕಟ್ಟು ಬಿಚ್ಚಬೇಡಿ. ಏನು ಮುಗಿಯಿತು, ಏನು ಅರ್ಧಕ್ಕೆ ನಿಂತಿದೆ, ಯಾವ ಪದ ಓದಲಾಗಲಿಲ್ಲ, ಯಾವ ಹಿರಿಯರನ್ನು ಮತ್ತೆ ಭೇಟಿಯಾಗಬೇಕು ಎಂದು ಎರಡು ಪುಟ ಬರೆದು ಪೆಟ್ಟಿಗೆಯೊಳಗೊಂದು ಪ್ರತಿ, ಕಂಪ್ಯೂಟರಿನಲ್ಲೊಂದು ಪ್ರತಿ ಇಡಿ. ನಿಮ್ಮ ಜಾಗಕ್ಕೆ ಬರುವ ವಿದ್ಯಾರ್ಥಿಗೆ ಅದರಿಂದ ತಿಂಗಳ ಕೆಲಸ ಉಳಿಯುತ್ತದೆ. ಈ ದಾರಿಯಲ್ಲೇ ಮುಂದುವರಿಯುವ ಮನಸ್ಸಾದರೆ ಗ್ರಂಥಾಲಯ ವಿಜ್ಞಾನದ ಪದವಿ ಇದೆ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ತರಬೇತಿ ಶಾಲೆಯಲ್ಲಿ ಡಿಪ್ಲೊಮಾ ಇದೆ. ಪುಣೆಯಲ್ಲಿ ಟಾಟಾ, ಮುಂಬಯಿಯಲ್ಲಿ ಗೋದ್ರೆಜ್ ಕಂಪನಿಗಳಂತೆ ಸ್ವಂತ ಆರ್ಕೈವ್ಸ್ ಇಟ್ಟುಕೊಂಡ ಕಡೆ ಇಂಥ ಅನುಭವಕ್ಕೆ ಬೆಲೆಯಿದೆ.

ಹೊರಡುವ ಮೊದಲು ಪೂರ್ತಿ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಸಂಗ್ರಹ ಕೊಟ್ಟ ಮನೆಗೆ ನೀವೇ ಒಯ್ದು ಕೊಡಿ. ಮನೆಯ ಹಿರಿಯರ ಪಕ್ಕ ಕೂತು ಓದಿ ಹೇಳಿ. ತಪ್ಪಾದ ಹೆಸರುಗಳನ್ನು ಅಲ್ಲೇ ತಿದ್ದುತ್ತಾರೆ. ‘ಇದರ ಜೊತೆಯದು ತಮ್ಮನ ಮನೇಲಿದೆ’ ಎಂದರೆ ಆ ತಮ್ಮನ ವಿಳಾಸವನ್ನು ನಿಮ್ಮ ಎರಡು ಪುಟದ ಟಿಪ್ಪಣಿಗೆ ಸೇರಿಸಿ.